ಆವಕ ಬೇರೆ, ದಾಸ್ತಾನು ಬೇರೆ: ಶಾರ್ಟ್ ಸೇಲ್ ಪಟ್ಟಿ ಓದಲು ಕಲಿತದ್ದು

ಶಿರಸಿಯ ನಮ್ಮ ಮನೆಯಲ್ಲಿ ಪೇಪರು ಬಂದರೆ ಮೊದಲು ನೋಡುವುದು ಚಾಲಿ, ರಾಶಿ ಅಡಿಕೆಯ ದರ. ಷೇರಿನ ಹುಚ್ಚು ನನಗೊಬ್ಬನಿಗೇ. ಒಂದು ಸಂಜೆ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯ ಶಾರ್ಟ್ ಸೆಲ್ಲಿಂಗ್ (ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ದರ ಇಳಿದ ಮೇಲೆ ಕೊಳ್ಳುವ ಲೆಕ್ಕಾಚಾರ) ಪಟ್ಟಿ ತೆರೆದಾಗ, ನಾನು ಇಟ್ಟುಕೊಂಡಿದ್ದ ಕಂಪನಿಯ ಎದುರು 2 ಲಕ್ಷ ಷೇರು ಎಂದಿತ್ತು. ದರ ಬೀಳಲೆಂದೇ ಇಷ್ಟು ಜನ ಕಾಯುತ್ತಿದ್ದಾರೆ ಎಂದು ಹೆದರಿ ಮರುದಿನ ಎಲ್ಲವನ್ನೂ ಮಾರಿದೆ. ದರ ಬೀಳಲಿಲ್ಲ. ಎರಡು ತಿಂಗಳ ಮೇಲೆ ಅದನ್ನೇ ಹೆಚ್ಚು ಕೊಟ್ಟು ಕೊಂಡೆ.

ತಪ್ಪು ಎಲ್ಲಿದೆ ಎಂದು ತೋರಿಸಿದವರು ಅಪ್ಪಯ್ಯ. ಅವರಿಗೆ ಷೇರು ಗೊತ್ತಿಲ್ಲ, ಅಡಿಕೆ ಪೇಟೆ ಚೆನ್ನಾಗಿ ಗೊತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, "ಇಂದಿನ ಆವಕ ನೋಡಿ ಗೋಡೌನಲ್ಲಿ ಎಷ್ಟು ದಾಸ್ತಾನಿದ್ದು ಹೇಳಲೆ ಬತ್ತ ತಮಾ?" ಅಂದರು.

ಆ ಪಟ್ಟಿ ಹೇಳುವುದು ಆವಕವನ್ನು ಮಾತ್ರ. ಕೈಯಲ್ಲಿಲ್ಲದ ಷೇರನ್ನು ಆ ದಿನ ಎಷ್ಟು ಮಾರಿದರು ಎಂಬುದು ಅಲ್ಲಿದೆ. ಅವರು ಅದನ್ನು ಮರುದಿನವೇ ತಿರುಗಿ ಕೊಂಡರೋ, ತಿಂಗಳುಗಟ್ಟಲೆ ಹಾಗೇ ಉಳಿಸಿಕೊಂಡರೋ ಅಲ್ಲಿಲ್ಲ. ಅಮೆರಿಕದಲ್ಲಿ ಎರಡಕ್ಕೂ ಬೇರೆ ಬೇರೆ ಲೆಕ್ಕವಿದೆ: ಶಾರ್ಟ್ ಮಾರಾಟದ ಪ್ರಮಾಣ ದಿನದಿನವೂ ಬರುತ್ತದೆ, ಬಾಕಿ ಉಳಿದ ಶಾರ್ಟ್ ಲೆಕ್ಕ ತಿಂಗಳಿಗೆ ಎರಡು ಸಲ. ಅಲ್ಲಿನ ಬರಹ ಓದಿ ಇಲ್ಲಿನ ಪಟ್ಟಿಗೆ ಹೊಂದಿಸಿದ್ದೇ ನನ್ನ ಗೊಂದಲದ ಬೇರು.

ಆಮೇಲೆ ಷೇರು ಪೇಟೆಯ ನಿಯಂತ್ರಕ ಸೆಬಿಯ 2024ರ ಜನವರಿ 5ರ ಸುತ್ತೋಲೆಯನ್ನು ಕೂತು ಓದಿದೆ. ದೊಡ್ಡ ಸಂಸ್ಥೆಗಳು ಆರ್ಡರ್ ಹಾಕುವಾಗಲೇ ಇದು ಶಾರ್ಟ್ ಎಂದು ತಿಳಿಸಬೇಕು. ನಮ್ಮಂಥ ಚಿಲ್ಲರೆ ಹೂಡಿಕೆದಾರರಿಗೆ ಆ ದಿನದ ವಹಿವಾಟು ಮುಗಿಯುವವರೆಗೆ ಸಮಯವಿದೆ. ಬ್ರೋಕರ್‌ಗಳು ಆ ವಿವರವನ್ನು ಮರುದಿನದ ವಹಿವಾಟು ಶುರುವಾಗುವ ಮೊದಲು ಎಕ್ಸ್‌ಚೇಂಜಿಗೆ ಮುಟ್ಟಿಸಬೇಕು. ಷೇರು ತಲುಪಿಸುವ ಹೊಣೆಯಿಂದ ಯಾರಿಗೂ ವಿನಾಯಿತಿ ಇಲ್ಲ. ಆದ್ದರಿಂದ ಶಾರ್ಟ್ ಮಾಡಿ ಮುಂದೆ ಕೊಂಡೊಯ್ಯುವವರು ಎಸ್‌ಎಲ್‌ಬಿಯಲ್ಲಿ, ಅಂದರೆ ಷೇರನ್ನು ಕಡ ಕೊಟ್ಟು ತರುವ ವ್ಯವಸ್ಥೆಯಲ್ಲಿ, ಷೇರು ಕಡ ತರಲೇಬೇಕು.

ಇನ್ನೊಂದು ವಿಷಯ ತಿಳಿಯಲು ನನಗೆ ಬಹಳ ತಡವಾಯಿತು. ಫ್ಯೂಚರ್ಸ್‌ನಲ್ಲಿ (ಮುಂದಿನ ದಿನಾಂಕಕ್ಕೆ ಇಂದೇ ದರ ಗೊತ್ತುಮಾಡುವ ಒಪ್ಪಂದದಲ್ಲಿ) ಮಾಡಿದ ಶಾರ್ಟ್ ಈ ಪಟ್ಟಿಗೆ ಬರುವುದೇ ಇಲ್ಲ, ಇದು ನಗದು ಪೇಟೆಯ ಲೆಕ್ಕ. ಪಟ್ಟಿ ಬರಿದಾಗಿದೆ ಎಂದು ಧೈರ್ಯ ಮಾಡುವುದೂ ಅಷ್ಟೇ ತಪ್ಪು.

ಈಗ ಶನಿವಾರ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಲೆಕ್ಕ ಬರೆಯುವ ಪುಸ್ತಕದಲ್ಲೇ ಹಿಂದಿನ ಪುಟದಿಂದ ನಾಲ್ಕು ಕಂಬ ಎಳೆದಿದ್ದೇನೆ: ಶಾರ್ಟ್ ಆದ ಷೇರು, ಅದೇ ದಿನದ ಒಟ್ಟು ವಹಿವಾಟು, ಡೆಲಿವರಿ ಪ್ರಮಾಣ (ಅದೇ ದಿನ ತಿರುಗಿ ಮಾರದೆ ಕೊಂಡವರ ಖಾತೆಗೆ ನಿಜವಾಗಿ ಹೋದ ಷೇರು), ಎಸ್‌ಎಲ್‌ಬಿಯಲ್ಲಿ ಬಾಕಿ. ಅಂದಿನ ಆ 2 ಲಕ್ಷವನ್ನು ಹೀಗೆ ಬರೆದು ನೋಡಿದರೆ, ಆ ದಿನ ಕೈ ಬದಲಾದದ್ದು 80 ಲಕ್ಷ ಷೇರು. ನೂರಕ್ಕೆ ಎರಡೂವರೆ.