‘ಬರಲಿ’ ಎನ್ನುವ ಕಡೆ ಇಂಗ್ಲಿಷಿನ ‘ಎಸ್’ ಬಿಡಿ

ವೈಟ್‌ಫೀಲ್ಡ್ ಆಫೀಸಿನ ಮೇಲ್ ಇರಲಿ, ಅಪಾರ್ಟ್‌ಮೆಂಟಿನ ನೋಟಿಸ್ ಇರಲಿ, ಬರೆಯುವವರ ಕೈ ತಡೆಯುವ ಜಾಗ ಒಂದಿದೆ. ‘ಐ ಸಜೆಸ್ಟ್ ದಟ್ ಹಿ ವರ್ಕ್’ ಎನ್ನಬೇಕೋ, ‘ವರ್ಕ್ಸ್’ ಎನ್ನಬೇಕೋ? ಔಪಚಾರಿಕ ಬರಹಕ್ಕೆ ‘ವರ್ಕ್’ ಸರಿ. ಸಲಹೆ, ಬೇಡಿಕೆ, ಇಲ್ಲದ್ದರ ಊಹೆ ಹೇಳುವಾಗ ಬರುವ ಇಂಥ ಕ್ರಿಯಾಪದ ರೂಪವೇ ಸಬ್‌ಜಂಕ್ಟಿವ್.

ಇದನ್ನು ಹಿಡಿಯಲು ಶಾಲೆಯಲ್ಲಿ ಓದಿದ ವಿಧ್ಯರ್ಥಕ ರೂಪ ಸಾಕು. ಬರುತ್ತಾನೆ, ಬರುತ್ತಾಳೆ, ಬರುತ್ತಾರೆ ಎಂದು ಬಾಲ ಬದಲಿಸುವ ಕ್ರಿಯಾಪದ ‘ಬರಲಿ’ ಎಂದಾಗ ಅವನಿಗೂ ಅವಳಿಗೂ ಅವರಿಗೂ ಒಂದೇ. ಇಂಗ್ಲಿಷಿನದೂ ಅದೇ ನಡೆ.

ಮೊದಲು ಮುಖ್ಯ ಕ್ರಿಯಾಪದ ನೋಡಿ: ಸಜೆಸ್ಟ್, ರೆಕಮೆಂಡ್, ಡಿಮ್ಯಾಂಡ್, ರಿಕ್ವೆಸ್ಟ್, ಇನ್ಸಿಸ್ಟ್. ಆಮೇಲೆ ‘ದಟ್’, ಕರ್ತೃ, ಕೊನೆಗೆ ಏನೂ ಅಂಟಿಸದ ಮೂಲ ಕ್ರಿಯಾಪದ: ‘ದಿ ಕಮಿಟಿ ರಿಕ್ವೆಸ್ಟೆಡ್ ದಟ್ ಎವ್ರಿ ಓನರ್ ಪೇ ದಿ ಟ್ಯಾಂಕರ್ ಬಿಲ್.’ ‘ರಿಕ್ವೆಸ್ಟೆಡ್’ ಭೂತಕಾಲವಾದರೂ ‘ಪೇ’ ಅಲುಗುವುದಿಲ್ಲ. ‘ಇಸ್’ ಬರುವ ಕಡೆ ‘ಬಿ’ ಬರುತ್ತದೆ. ಬೇಡ ಎನ್ನಲು ‘ಡಸ್ ನಾಟ್’ ಬಳಸಬೇಡಿ, ‘ದಟ್ ಹಿ ನಾಟ್ ಪಾರ್ಕ್ ಹಿಯರ್’ ಎಂದರೆ ಮುಗಿಯಿತು. ಕಿವಿಗೆ ಒರಟೆನಿಸಿದರೆ ಬ್ರಿಟಿಷರಂತೆ ‘ಶುಡ್’ ಸೇರಿಸಿ, ತಪ್ಪಿಲ್ಲ.

ನಮ್ಮೂರಿನಲ್ಲಿ ದಿನವೂ ಕೇಳಿಬರುವ ‘ಸಜೆಸ್ಟ್ ಹಿಮ್ ಟು ವರ್ಕ್’ ಮಾತ್ರ ಬೇಡ. ‘ರಿಕ್ವೆಸ್ಟ್ ಹಿಮ್ ಟು’ ಸರಿ ಇರುವುದರಿಂದ ‘ಸಜೆಸ್ಟ್’ಗೂ ಅದೇ ಅಚ್ಚು ಹಾಕುತ್ತೇವೆ, ಆದರೆ ಅದು ಆ ಅಚ್ಚಿಗೆ ಕೂರುವುದಿಲ್ಲ.

‘ಇನ್ಸಿಸ್ಟ್’ ಜೊತೆ ವಿಶೇಷ ಎಚ್ಚರ ಬೇಕು, ಒಂದು ‘ಎಸ್’ ಅರ್ಥವನ್ನೇ ತಿರುಗಿಸುತ್ತದೆ. ‘ಶಿ ಇನ್ಸಿಸ್ಟ್ಸ್ ದಟ್ ಹಿ ಲಿವ್ಸ್ ಇನ್ ಜಯನಗರ್’ ಎಂದರೆ ಅವನು ಜಯನಗರದಲ್ಲೇ ಇದ್ದಾನೆ ಎಂದು ಅವಳ ವಾದ. ‘ಲಿವ್’ ಎಂದರೆ ಅಲ್ಲೇ ಇರಲಿ ಎಂದು ಅವಳ ಹಟ. ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ: ‘ಇರಲಿ’ ಹೊಂದಿದರೆ ‘ಎಸ್’ ತೆಗೆಯಿರಿ, ‘ಇದ್ದಾನೆ’ ಹೊಂದಿದರೆ ಉಳಿಸಿ.

ಇನ್ನು ಸಬ್‌ಜಂಕ್ಟಿವ್‌ನ ಇನ್ನೊಂದು ರೂಪ, ‘ವರ್’. ಸೋಮವಾರ ಟ್ರಾಫಿಕ್ಕಿನಲ್ಲಿ ಕುಳಿತು ‘ಇವತ್ತು ಭಾನುವಾರವಾಗಿದ್ದರೆ ಹತ್ತು ನಿಮಿಷದಲ್ಲಿ ಸಿಲ್ಕ್ ಬೋರ್ಡ್ ದಾಟುತ್ತಿದ್ದೆವು’ ಎನ್ನುತ್ತೇವಲ್ಲ, ಹಾಗೆ ಇಲ್ಲದ್ದನ್ನು ಊಹಿಸುವಾಗ: ‘ಇಫ್ ಟುಡೇ ವರ್ ಸಂಡೇ, ವಿ ವುಡ್ ಕ್ರಾಸ್ ಸಿಲ್ಕ್ ಬೋರ್ಡ್ ಇನ್ ಟೆನ್ ಮಿನಿಟ್ಸ್.’ ಆಡುಮಾತಿನಲ್ಲಿ ‘ವಾಸ್’ ಕೂಡ ಓಡುತ್ತದೆ. ‘ವುಡ್’ ಮಾತ್ರ ‘ಇಫ್’ ಇರುವ ಭಾಗಕ್ಕೆ ಬರಕೂಡದು. ಹಾಗೆಂದು ಪ್ರತಿ ‘ಇಫ್’ ಹಿಂದೆಯೂ ‘ವರ್’ ಹಚ್ಚಬೇಡಿ. ‘ನಿನ್ನೆ ಅವನು ಮನೆಯಲ್ಲಿದ್ದಿದ್ದೇ ಆದರೆ ಪಾರ್ಸೆಲ್ ತೆಗೆದುಕೊಂಡಿರುತ್ತಾನೆ’ ಎನ್ನುವಾಗ ಅವನು ಇದ್ದಿರಲೂಬಹುದು. ಅಲ್ಲಿ ‘ಇಫ್ ಹಿ ವಾಸ್ ಅಟ್ ಹೋಮ್’ ಎಂದೇ ಬರೆಯಬೇಕು.