ಚರ್ಮದ ಜಾಕೆಟ್ಟಿನ ಸೊಂಟದ ಪಟ್ಟಿಯನ್ನು ನಾನು ಸಡಿಲಿಸಿದ ಬಗೆ

ಖಡೇಬಜಾರದ ನನ್ನ ಅಂಗಡಿಗೆ ಚರ್ಮದ ಜಾಕೆಟ್ಟುಗಳು ಬರುವುದು ದೀಪಾವಳಿ ಮುಗಿದು ಬೆಳಗಾವಿಯಲ್ಲಿ ಚಳಿ ಬಿದ್ದ ಮೇಲೆ. ಅವುಗಳಲ್ಲಿ ವಿಮಾನ ಚಾಲಕರ ಮಾದರಿಯವು, ಅಂದರೆ ಕೆಳಗೂ ಮುಂಗೈಗೂ ಹಿಗ್ಗಿ ಕುಗ್ಗುವ ಹೆಣಿಗೆಯ ರಿಬ್ ಪಟ್ಟಿ ಇರುವಂಥವು ಬಂದರೆ ದೂರು ಬಹುತೇಕ ಒಂದೇ: ಭುಜ ಸರಿಯಿದೆ, ತೋಳು ಸರಿಯಿದೆ, ಪಟ್ಟಿ ಮಾತ್ರ ಸೊಂಟವನ್ನು ಹಿಂಡುತ್ತದೆ, ಬೈಕಿನ ಮೇಲೆ ಕೂತರೆ ಜಾಕೆಟ್ಟು ಹೊಟ್ಟೆಯ ಮೇಲೇರಿ ನಿಲ್ಲುತ್ತದೆ. ಅಮೆರಿಕದ ಸೇನೆಯ ವಾಯುವಿಭಾಗ 1931ರಲ್ಲಿ ತಂದ ಎ-2 ಮಾದರಿಯಲ್ಲಿಯೂ ಈ ಪಟ್ಟಿ ಇದ್ದದ್ದು ಗಾಳಿ ಒಳನುಗ್ಗದಿರಲೆಂದು. ಬಿಗಿಯಾಗಿರುವುದೇ ಅದರ ಕೆಲಸ, ಆದರೆ ನಲವತ್ತು ದಾಟಿದ ಗಿರಾಕಿಯ ಹೊಟ್ಟೆಗೆ ಅದನ್ನು ಹೇಳಿ ಪ್ರಯೋಜನವಿಲ್ಲ.

ನಮ್ಮವರೆಲ್ಲ ಮಾಡುವುದು ಪಟ್ಟಿ ಬಿಚ್ಚಿ ಹೊಸದು ಹಚ್ಚುವುದನ್ನು. ನಾನೂ ಏಳೆಂಟು ವರ್ಷ ಅದನ್ನೇ ಮಾಡಿದೆ. ಚರ್ಮದ ಸೂಜಿ ಮಾಡಿದ ತೂತು ಬಟ್ಟೆಯ ತೂತಿನಂತೆ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಹಳೆಯ ತೂತುಗಳಲ್ಲೇ ಮತ್ತೆ ಸೂಜಿ ಇಳಿಸಬೇಕು. ಇಡೀ ಸುತ್ತನ್ನು ಹಾಗೆ ಹೊಲಿಯಲು ಒಂದು ದಿನ ಹೋಗುತ್ತದೆ. ಲೂಧಿಯಾನಾದಿಂದ ತರಿಸಿದ ರಿಬ್ಬಿಗೆ ಸಾಗಣೆ ಸೇರಿ ಒಂಬೈನೂರರ ಆಸುಪಾಸು ಬೀಳುತ್ತಿತ್ತು. ಬಣ್ಣ ಹೊಂದಿದರೆ ಪುಣ್ಯ. ಒಮ್ಮೆ ಕಂದು ಜಾಕೆಟ್ಟಿಗೆ ಇಟ್ಟಿಗೆ ಬಣ್ಣದ ರಿಬ್ ಬಂದು ಹತ್ತು ದಿನ ಮೂಲೆಯಲ್ಲಿ ಬಿದ್ದಿತ್ತು. ಗಿರಾಕಿಯಿಂದ ಎರಡು ಸಾವಿರ ತೆಗೆದುಕೊಂಡರೂ ಕೈಗೆ ಉಳಿಯುತ್ತಿದ್ದದ್ದು ಐನೂರು ಆರುನೂರು, ಅದೂ ಬೆರಳು ನೋಯಿಸಿಕೊಂಡು.

ಇದ್ದ ಉಣ್ಣೆಯ ಪಟ್ಟಿಯನ್ನೇ ಹಿಗ್ಗಿಸುತ್ತೇನೆ ಎಂದಾಗ ಶಹಾಪುರದ ಹಿರಿಯ ದರ್ಜಿಯೊಬ್ಬರು (ನಾನು ಅವರನ್ನು ಕಾಕಾ ಎಂದೇ ಕರೆಯುವುದು) ನಕ್ಕುಬಿಟ್ಟರು. “ಉಣ್ಣಿ ಅಂದ್ರ ನಾಯಿ ಬಾಲ ಇದ್ದಂಗ ತಮ್ಮಾ, ಬಿಟ್ಟ ಕೂಡಲೇ ತಿರುಗಿ ಡೊಂಕಾಗತೈತಿ. ಬಿಚ್ಚಿ ಹೊಸಾದು ಹಚ್ಚು,” ಎಂದರು. ಮೊದಲ ಮೂರು ಸಲ ಅವರ ಮಾತೇ ನಿಜವಾಯಿತು.

ಮೊದಲನೆಯದರಲ್ಲಿ ಬಿಸಿನೀರಿಗೆ ಸೋಪು ಹಾಕಿ ಪಟ್ಟಿಯನ್ನು ಕೈಯಿಂದ ಉಜ್ಜಿ ಉಜ್ಜಿ ಎಳೆದೆ. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗೆ ಎಳೆ ಸಿಕ್ಕಿಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತದೆಂಬುದು ಗೊತ್ತಿದ್ದೂ ಮಾಡಿದೆ. ಹಿಗ್ಗಬೇಕಾದದ್ದು ಒಂದು ಇಂಚು ಕುಗ್ಗಿತು.

ಎರಡನೆಯ ತಪ್ಪಿಗೆ ದುಡ್ಡು ತೆತ್ತೆ. ಪಟ್ಟಿಯನ್ನು ಕುರ್ಚಿಯ ಬೆನ್ನಿಗೆ ಎಳೆದು ಸಿಕ್ಕಿಸಿ ಉಗಿ ಇಸ್ತ್ರಿ ಹಿಡಿದೆ. ಪಟ್ಟಿ ಚೆನ್ನಾಗಿಯೇ ಬಿಟ್ಟುಕೊಟ್ಟಿತು, ಆದರೆ ಉಗಿ ಅರ್ಧ ಇಂಚು ಮೇಲಕ್ಕೆ ಸರಿದು ಒದ್ದೆಯಾದ ಚರ್ಮದ ಅಂಚನ್ನು ಮುಟ್ಟಿತು. ಒದ್ದೆ ಚರ್ಮಕ್ಕೆ ಅಷ್ಟು ಶಾಖ ತಗಲಿದರೆ ಅದು ಸುಟ್ಟ ಹಪ್ಪಳದ ಅಂಚಿನಂತೆ ಮುದುಡುತ್ತದೆ, ಮತ್ತೆ ಯಾವ ಎಣ್ಣೆಗೂ ಬಿಚ್ಚಿಕೊಳ್ಳುವುದಿಲ್ಲ. ಬೆನ್ನಿನ ಕಡೆ ನಾಲ್ಕು ಬೆರಳಗಲ ಹಾಗಾಗಿತ್ತು. ಗಿರಾಕಿಗೆ ಮೂರೂವರೆ ಸಾವಿರ ಕೊಟ್ಟು ಜಾಕೆಟ್ಟನ್ನು ನಾನೇ ಇಟ್ಟುಕೊಂಡೆ. ಆಮೇಲಿನ ಪ್ರಯೋಗಗಳೆಲ್ಲ ಅದರ ಮೇಲೆಯೇ ನಡೆದವು. ಹಾಗೆ ನೋಡಿದರೆ ಆ ಮೂರೂವರೆ ಸಾವಿರ ದಂಡವೇನೂ ಆಗಲಿಲ್ಲ.

ಮೂರನೆಯದು ಮನೆಯ ಹಿತ್ತಾಳೆ ಕೊಡ. ಅದರ ಹೊಟ್ಟೆಯ ಸುತ್ತಳತೆ ಮೂವತ್ತೇಳು ಇಂಚಿನಷ್ಟಿತ್ತು, ನನಗೆ ಬೇಕಾದದ್ದೂ ಅಷ್ಟೇ. ಕೊಡಕ್ಕೆ ಹಳೆಯ ಧೋತರ ಸುತ್ತಿ, ಒದ್ದೆ ಪಟ್ಟಿಯನ್ನು ತೊಡಿಸಿ ಪಡಸಾಲೆಯಲ್ಲಿ ಇಟ್ಟಾಗ “ಕೊಡಕ್ಕ ಥಂಡಿ ಹತ್ತೇತೇನು?” ಎಂದು ಅವ್ವ ಕೇಳಿದಳು. ಅಳತೆ ಬಂತು, ಆಕಾರ ಕೆಟ್ಟಿತು. ಮನುಷ್ಯನ ಸೊಂಟ ಕೊಡದಂತೆ ದುಂಡಗಿಲ್ಲ, ಚಪ್ಪಟೆ. ಕೊಡದ ಹೊಟ್ಟೆಯ ಉಬ್ಬಿಗೆ ಪಟ್ಟಿಯ ನಡುಭಾಗ ಮಾತ್ರ ಹಿಗ್ಗಿ, ತೊಟ್ಟಾಗ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿತು. ಆದರೂ ಕೊಡದಿಂದ ಒಂದು ಸಂಗತಿ ತಿಳಿಯಿತು: ಶಾಖವಿಲ್ಲದೆ, ಬರಿಯ ನೀರು ಮತ್ತು ಬಿಗಿತದಿಂದಲೇ ಪಟ್ಟಿ ಹಿಗ್ಗಿ ಉಳಿಯುತ್ತದೆ.

ಅಥಣಿಯ ಕಡೆಯ ಚಪ್ಪಲಿ ಮಾಡುವವರ ಹತ್ತಿರ, ಬಿಗಿಯಾದ ಪಾದರಕ್ಷೆಯೊಳಗೆ ಎರಡು ತುಂಡಿನ ಕಟ್ಟಿಗೆ ಇಟ್ಟು ನಡುವೆ ಬೆಣೆ ಹೊಡೆಯುವುದನ್ನು ಹಿಂದೆಂದೋ ನೋಡಿದ್ದೆ. ಬಡಿಗನ ಬಳಿ ಹೋಗಿ ಮುಕ್ಕಾಲು ಇಂಚು ದಪ್ಪದ ಪ್ಲೈವುಡ್ಡಿನಲ್ಲಿ ಎರಡು ಹಲಗೆ, ಸಾಗವಾನಿಯ ಎರಡು ಬೆಣೆ ಮಾಡಿಸಿದೆ, ನಾನೂರು ರೂಪಾಯಿ ಆಯಿತು. ಹಲಗೆಗಳ ಹೊರ ಅಂಚು ಚೂಪಾಗಿದ್ದರೆ ಪಟ್ಟಿಯ ಎರಡು ಬದಿಗೆ ಕಿವಿಯಂಥ ಮೂಲೆಗಳು ಮೂಡುತ್ತವೆ, ಕುರ್ಚಿಯ ಬೆನ್ನಿಗೆ ಸಿಕ್ಕಿಸುವವರಿಗೆಲ್ಲ ಆಗುವುದು ಅದೇ. ಅದಕ್ಕಾಗಿ ಅಂಚುಗಳಿಗೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪು ಕೂರಿಸಿ ಮೇಲೆ ಬಟ್ಟೆ ಸುತ್ತಿದೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಎರಡು ಪರೀಕ್ಷೆ. ಪಟ್ಟಿಯ ಒಳಬದಿಯಿಂದ ಒಂದು ಎಳೆ ಕಿತ್ತು ಸುಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಎಂಬ ಕೃತಕ ನೂಲು. ಅಕ್ರಿಲಿಕ್ಕಿಗೆ ನೀರೊಂದೇ ಸಾಲದು, ಶಾಖ ಬೇಕು. ಶಾಖದ ಫಲವನ್ನು ನಾನು ಉಂಡಿದ್ದೇನೆ, ಹಾಗಾಗಿ ಅಂಥದ್ದನ್ನು ಮುಟ್ಟುವುದಿಲ್ಲ. ಒಳಗೆ ರಬ್ಬರಿನ ಎಳೆ ಇದ್ದರಂತೂ ಗಿರಾಕಿಗೆ ನಮಸ್ಕಾರ ಹೇಳಿ ಕಳಿಸುತ್ತೇನೆ. ಎರಡನೆಯದು, ಪಟ್ಟಿ ಕೂಡುವ ಜಾಗದಲ್ಲಿ ಚರ್ಮದ ಅಂಚಿನ ಸುತ್ತಳತೆ. ಪಟ್ಟಿ ಎಷ್ಟೇ ಹಿಗ್ಗಿದರೂ ಅದನ್ನು ಮೀರಲಾರದು, ಮೀರಿಸಹೋದರೆ ಹೊಲಿಗೆಯ ದಾರ ಪಟಪಟನೆ ಕಡಿಯುತ್ತದೆ. ಮೊದಲು ಗೆದ್ದ ಜಾಕೆಟ್ಟಿನಲ್ಲಿ ಚರ್ಮದ ಅಂಚು ನಲವತ್ತು ಇಂಚು, ಸುಮ್ಮನೆ ಬಿಟ್ಟ ಪಟ್ಟಿ ಮೂವತ್ತೊಂದು ಇಂಚು ಇದ್ದ ನೆನಪು.

ಅಗಲವಾದ ಪರಾತದಲ್ಲಿ ಉಗುರುಬೆಚ್ಚಗಿನ ನೀರನ್ನು ಒಂದೂವರೆ ಇಂಚಿನಷ್ಟು ಹಾಕಿ, ಪಟ್ಟಿಯ ಕೆಳಭಾಗವನ್ನಷ್ಟೇ ಇಳಿಸಿ ಇಪ್ಪತ್ತು ನಿಮಿಷ ಬಿಡುತ್ತೇನೆ, ಮೇಲಿನ ಭಾಗಕ್ಕೆ ಬೇಕಾದಷ್ಟು ನೀರನ್ನು ಉಣ್ಣೆಯೇ ಏರಿಸಿಕೊಳ್ಳುತ್ತದೆ. ಟವೆಲಿನಲ್ಲಿ ಒತ್ತಬೇಕು, ಹಿಂಡಬಾರದು. ಚೈನು ಪೂರ್ತಿ ಹಾಕಿ, ಹಲಗೆಗಳನ್ನು ಕೆಳಗಿನಿಂದ ತೂರಿಸಿ, ಜಾಕೆಟ್ಟನ್ನು ಕೊರಳು ಮೇಲಾಗಿ ತೂಗುಹಾಕಬೇಕು. ತಲೆಕೆಳಗಾಗಿ ಇಟ್ಟರೆ ನೀರು ಚರ್ಮಕ್ಕೂ ಅಸ್ತರಕ್ಕೂ ಇಳಿದು ಬಣ್ಣ ಬಿಡುತ್ತದೆ. ಬೆಣೆಯನ್ನು ಒಮ್ಮೆಲೇ ಹೊಡೆಯದೆ ಸಂಜೆಗೊಂದು ಇಂಚು ಹಿಗ್ಗುವಷ್ಟು ಹೊಡೆದು, ನಡುನಡುವೆ ಪಟ್ಟಿಗೆ ನೀರು ಚಿಮುಕಿಸಿ ಮೂವತ್ತೇಳೂವರೆ ಇಂಚಿಗೆ ಒಯ್ದೆ. ಕೊನೆಯ ಬೆಣೆಯ ನಂತರ ಫ್ಯಾನಿನ ಕೆಳಗೆ ಎರಡು ದಿನ ಪೂರ್ತಿ ಒಣಗಬೇಕು; ಸ್ವಲ್ಪ ಹಸಿಯಿರುವಾಗಲೇ ಆತುರಪಟ್ಟು ತೆಗೆದರೆ ಕಾಕಾನ ನಾಯಿ ಬಾಲ ನೆನಪಾಗುತ್ತದೆ. ಹಲಗೆ ತೆಗೆದ ಮೇಲೆ ಪಟ್ಟಿ ಹಿಂದಕ್ಕೆ ಸರಿದು ಮೂವತ್ತೈದರ ಹತ್ತಿರ ನಿಂತಿತು. ತಿಂಗಳ ಮೇಲೆ ಅಳೆದಾಗ ಮೂವತ್ತನಾಲ್ಕೂವರೆ. ಗಿರಾಕಿ ಬೈಕಿನ ಮೇಲೆ ಕೂತು ತೋರಿಸಿದರು, ಜಾಕೆಟ್ಟು ಕದಲಲಿಲ್ಲ.

ಆ ನೀರಿಗೆ ನಾನು ಬೆರೆಸುವ ಒಂದು ಪದಾರ್ಥವಿದೆ, ಚರ್ಮದ ಅಂಚಿಗೆ ಮೊದಲೇ ಸವರುವುದು ಇನ್ನೊಂದಿದೆ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು. ಅವಿಲ್ಲದೆಯೂ ಮುಕ್ಕಾಲು ಪಾಲು ಫಲ ಸಿಗುತ್ತದೆ. ಕೂದಲಿಗೆ ಹಚ್ಚುವ ಕಂಡೀಷನರ್ ಮಾತ್ರ ಅದಲ್ಲ. ಅದನ್ನೂ ನೋಡಿದೆ, ಪಟ್ಟಿ ಘಮಘಮಿಸಿತೇ ಹೊರತು ಹಿಗ್ಗಲಿಲ್ಲ. ಮುಂಗೈ ಪಟ್ಟಿಗೆ ಸ್ಟೀಲಿನ ತಂಬಿಗೆ ಸಿಕ್ಕಿಸಿ ನೋಡಿದ್ದೂ ಉಂಟು. ಅದು ಗಂಟೆಯ ಬಾಯಿಯಂತಾಯಿತು. ಮತ್ತೆ ಒದ್ದೆ ಮಾಡಿ ಬಿಟ್ಟೆ, ತಾನೇ ಮೊದಲಿನಂತೆ ಕುಗ್ಗಿತು.

ಆ ಕುಗ್ಗುವಿಕೆಯೇ ಇದರ ಊನ. ನೀರಿನಿಂದ ಬಂದ ಹಿಗ್ಗು ನೀರಿನಿಂದಲೇ ಹೋಗುತ್ತದೆ. ಒಬ್ಬ ಹುಡುಗ ಶ್ರಾವಣದಲ್ಲಿ ನಾನು ಹಿಗ್ಗಿಸಿಕೊಟ್ಟ ಜಾಕೆಟ್ಟು ತೊಟ್ಟು ಅಂಬೋಲಿ ಘಾಟಿಗೆ ಹೋಗಿ ನೆನೆದು ಬಂದ, ಪಟ್ಟಿ ಮೂವತ್ತೆರಡಕ್ಕೆ ಇಳಿದಿತ್ತು. ದುಡ್ಡು ತೆಗೆದುಕೊಳ್ಳದೆ ಮತ್ತೊಮ್ಮೆ ಹಲಗೆಗೆ ಹಾಕಿಕೊಟ್ಟೆ. ಈಗ ಏಳುನೂರು ರೂಪಾಯಿ ತೆಗೆದುಕೊಳ್ಳುವಾಗಲೇ, ನೆನೆದರೆ ಒಣಗುವ ಮುನ್ನ ಇಲ್ಲಿಗೆ ತನ್ನಿ ಎಂದು ಹೇಳಿರುತ್ತೇನೆ. ಹೋದ ಚಳಿಗಾಲದಲ್ಲಿ ಹದಿನಾಲ್ಕೋ ಹದಿನೈದೋ ಜಾಕೆಟ್ಟು ಹೀಗೆ ಮಾಡಿದೆ. ಅವುಗಳಲ್ಲಿ ಒಂದು ಕಾಕಾನ ಅಳಿಯನದು, ಆದರೆ ತಂದುಕೊಟ್ಟದ್ದು ಅಳಿಯ, ಕಾಕಾ ರಸ್ತೆಯ ಆಚೆ ಚಹಾದಂಗಡಿಯಲ್ಲೇ ಕೂತಿದ್ದರು.