ಬಣ್ಣ ಬಳಿದ ಮೇಲೆ ಎಲಿವೇಟರ್ ತೂಗುವುದು: ಟೈಫೂನ್ ಕಲಿಸಿದ್ದು

ಸಣ್ಣ ಪಿಸ್ಟನ್ ವಿಮಾನದ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಹಲಗೆ) ಅಥವಾ ಏಲೆರಾನ್‌ಗೆ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆ) ಹೊಸ ಬಣ್ಣ ಬಿದ್ದಿದ್ದರೆ, ಸಣ್ಣದೊಂದು ತೇಪೆ ಹಾಕಿದ್ದರೂ ಸರಿ, ಅದನ್ನು ಮತ್ತೆ ತೂಗಿ ನೋಡದೆ ನಾನು ಪರೀಕ್ಷಾ ಹಾರಾಟಕ್ಕೆ ಸಹಿ ಹಾಕುವುದಿಲ್ಲ. ಯಾಕೆಂದು ಕೇಳಿದವರಿಗೆ ಮೊದಲು ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಟೈಫೂನ್ ವಿಷಯ ಹೇಳುತ್ತೇನೆ.

1940ರ ಮೇ 9ರಂದು ಟೈಫೂನಿನ ಮೊದಲ ಮಾದರಿ ಗಾಳಿಯಲ್ಲಿದ್ದಾಗಲೇ ಕಾಕ್‌ಪಿಟ್ಟಿನ ಹಿಂದೆ ಬಿರುಕು ಬಿಟ್ಟಿತು. ಪೈಲಟ್ ಫಿಲಿಪ್ ಲೂಕಸ್ ಪ್ಯಾರಾಚೂಟ್ ನಂಬಿ ಹೊರಗೆ ಹಾರಿಕೊಳ್ಳಬಹುದಿತ್ತು. ವಿಮಾನವನ್ನು ಇಳಿಸಿ ಸಾಕ್ಷ್ಯ ಉಳಿಸಿಕೊಟ್ಟರು, ಅದಕ್ಕೆ ಜಾರ್ಜ್ ಪದಕವೂ ಬಂತು. ಎರಡು ವರ್ಷದ ನಂತರದ ಅಪಘಾತಗಳು ಬೇರೆ ತೆರನವು. ಆಗ ಮುರಿಯುತ್ತಿದ್ದದ್ದು ಬಾಲದ ಬುಡ, ಹಿಂಭಾಗದ ಒಡಲಿಗೆ ಬಾಲ ಸೇರುವ ಕೀಲು. 1942ರ ಆಗಸ್ಟ್ 11ರಂದು ಹಾಕರ್ ಕಂಪನಿಯ ಪೈಲಟ್ ಕೆನೆತ್ ಸೆತ್-ಸ್ಮಿತ್ ಹೀಗೆಯೇ ತೀರಿಕೊಂಡರು. ಮುರಿದ ಜಾಗ ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ಆ ಕೀಲಿನ ಸುತ್ತ 20 ಲೋಹದ ಪಟ್ಟಿಗಳನ್ನು ರಿವೆಟ್ ಮಾಡಿದರು. ಅಷ್ಟಾದರೂ ತೊಂದರೆ ಪೂರ್ತಿ ನಿಲ್ಲಲಿಲ್ಲ. ತನಿಖೆ ಬೆರಳು ತೋರಿಸಿದ್ದು ಎಲಿವೇಟರ್ ಹಿಂದಕ್ಕೆ ಭಾರವಾಗದಂತೆ ಹಾಕಿದ ಸಮತೋಲನದ ತೂಕ ಹಿಡಿದಿದ್ದ ಬ್ರಾಕೆಟ್ ಕಡೆಗೆ. ಲೋಹ ದಣಿದು ಬ್ರಾಕೆಟ್ ಹೋದರೆ ಎಲಿವೇಟರ್ ಫ್ಲಟರ್‌ಗೆ, ಅಂದರೆ ತಾನೇ ಹೆಚ್ಚುತ್ತಾ ಹೋಗುವ ಬಡಿತಕ್ಕೆ, ಬೀಳುತ್ತದೆ, ಆ ಬಡಿತಕ್ಕೆ ಬಾಲ ಕಿತ್ತು ಬರುತ್ತದೆ. ಕೀಲು ಮುರಿದದ್ದು ಕೊನೆಯ ಘಟನೆ, ಮೊದಲನೆಯದಲ್ಲ. ಯಾವ ಅಪಘಾತದ ವರದಿ ಓದಿದರೂ ನಾನು ಮೊದಲು ಹುಡುಕುವುದು ಇದನ್ನೇ: ಎಲ್ಲಕ್ಕಿಂತ ಮುಂಚೆ ಕೈಕೊಟ್ಟ ಭಾಗ ಯಾವುದು?

ಫ್ಲಟರ್ ಆಗುವ ಬಗೆ ಇಷ್ಟೇ. ಎಲಿವೇಟರ್‌ನ ಭಾರ ಅದು ತಿರುಗುವ ಹಿಂಜ್‌ಗಿಂತ ಹಿಂದಿದ್ದರೆ, ಬಾಲ ಮೇಲಕ್ಕೆ ಬಾಗಿದಾಗ ಎಲಿವೇಟರ್‌ನ ಹಿಂಬದಿ ಕೆಳಗೇ ಉಳಿದುಬಿಡುತ್ತದೆ. ಕೆಳಗುಳಿದ ಅಂಚು ಲಿಫ್ಟ್ ಹೆಚ್ಚಿಸಿ ಬಾಲವನ್ನು ಇನ್ನೂ ಮೇಲಕ್ಕೆ ನೂಕುತ್ತದೆ. ಇಳಿಯುವಾಗ ಇದೇ ತಿರುಗುಮುರುಗು. ಒಂದು ವೇಗ ದಾಟಿದರೆ ಪ್ರತಿ ಸುತ್ತಿಗೂ ಗಾಳಿಯೇ ಶಕ್ತಿ ತುಂಬುತ್ತಾ ಹೋಗುತ್ತದೆ. ಪೈಲಟ್‌ಗೆ ಸಿಗುವುದು ಕೆಲವೇ ಸೆಕೆಂಡು, ಕೆಲವೊಮ್ಮೆ ಅದೂ ಇಲ್ಲ.

ತೂಗುವಾಗ ಎಲಿವೇಟರನ್ನು ವಿಮಾನದಿಂದ ಬಿಚ್ಚಿ, ಹಿಂಜ್ ಬೋಲ್ಟ್‌ಗಳನ್ನೇ ಎರಡು ಚೂಪು ಅಂಚುಗಳ ಮೇಲೆ ಕೂರಿಸುತ್ತೇನೆ. ಹಿಂಜ್ ರೇಖೆ ಸ್ಪಿರಿಟ್ ಲೆವೆಲ್‌ನಲ್ಲಿ ಸಮ ಇರಬೇಕು. ಟ್ರಿಮ್ ಟ್ಯಾಬ್ (ಎಲಿವೇಟರ್‌ನ ಹಿಂದಿನ ಅಂಚಿನ ಪುಟ್ಟ ಹಲಗೆ), ಅದರ ರಾಡು, ಹಾರುವಾಗ ಇರುವ ಪ್ರತಿ ಸ್ಕ್ರೂ ಜಾಗದಲ್ಲಿರಬೇಕು, ಬಣ್ಣ ಪೂರ್ತಿ ಒಣಗಿರಬೇಕು. ಫ್ಯಾನ್ ಆರಿಸಿ, ಹ್ಯಾಂಗರ್ ಬಾಗಿಲು ಮುಚ್ಚಬೇಕು. ಹಿಂದಿನ ಅಂಚಿಗೆ ಚೂಪು ತುದಿಯ ಆಸರೆ ಕೊಟ್ಟು, ಆಸರೆಯ ತೂಕ ಕಳೆದು, ತಕ್ಕಡಿ ಓದುತ್ತೇನೆ. ಹಿಂಜ್‌ನಿಂದ 36 ಸೆಂ.ಮೀ. ದೂರದಲ್ಲಿ 150 ಗ್ರಾಂ ಬಂದರೆ 5400 ಗ್ರಾಂ-ಸೆಂ.ಮೀ. ಹಿಂಭಾರ. ಹಿಂಜ್‌ಗೆ 9 ಸೆಂ.ಮೀ. ಮುಂದಿರುವ ತೂಕದಿಂದ ಇದನ್ನು ಪೂರ್ತಿ ಸರಿದೂಗಿಸಲು 600 ಗ್ರಾಂ ಬೇಕು. ಎಷ್ಟು ಹಿಂಭಾರ ಇರಬಹುದು ಎನ್ನುವುದನ್ನು ಆ ವಿಮಾನದ ಕೈಪಿಡಿ ಹೇಳುತ್ತದೆ, ಅಂದಾಜಿಗೆ ಇಲ್ಲಿ ಜಾಗವಿಲ್ಲ.

ಬಣ್ಣದ ಲೆಕ್ಕ ಹಲವರಿಗೆ ಹಗುರವಾಗಿ ಕಾಣುತ್ತದೆ. ಹಳೆಯದನ್ನು ಕೆರೆಯದೆ ಮೇಲೆ ಬಳಿದ 60 ಗ್ರಾಂ ಬಣ್ಣ, ಸರಾಸರಿ 20 ಸೆಂ.ಮೀ. ಹಿಂದೆ ಕೂತರೆ, 1200 ಗ್ರಾಂ-ಸೆಂ.ಮೀ. ಆಯಿತು. ಅದೇ 9 ಸೆಂ.ಮೀ. ತೋಳಿನಲ್ಲಿ ಇದಕ್ಕೆ ಸುಮಾರು 133 ಗ್ರಾಂ ಸೀಸ ಸೇರಿಸಬೇಕು. ಸೀಸ ಹೆಚ್ಚಿದಷ್ಟೂ ಬ್ರಾಕೆಟ್ ಮೇಲಿನ ಹೊರೆ ಹೆಚ್ಚು. ಅದಕ್ಕೇ ತೂಕ ಸೇರಿಸುವ ಬದಲು ಬಣ್ಣ ಕೆರೆಸುವುದನ್ನೇ ನಾನು ಒಪ್ಪುತ್ತೇನೆ, ಮಾಲೀಕರು ಗೊಣಗಿದರೂ ಸರಿ.

ಬ್ರಾಕೆಟನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡುತ್ತೇನೆ. ಬಿರುಕು ಹುಟ್ಟುವುದು ತಗಡು ಮಡಚಿದ ಮೂಲೆಯಲ್ಲಿ, ಇಲ್ಲವೇ ಬೋಲ್ಟ್ ತೂತಿನ ಅಂಚಿನಲ್ಲಿ. ಅನುಮಾನ ಬಂದರೆ ಬಣ್ಣ ತೆಗೆದು ಡೈ ಪೆನಿಟ್ರಂಟ್ (ಬಿರುಕಿಗೆ ಇಳಿದು ಅದನ್ನು ಎದ್ದು ಕಾಣಿಸುವ ದ್ರವ) ಹಾಕುತ್ತೇನೆ. ಬೋಲ್ಟ್ ಸುತ್ತ ಕಪ್ಪು ಪುಡಿ ಕಂಡರೆ ಅಲ್ಲಿ ಉಜ್ಜಾಟ ನಡೆದಿದೆ ಎಂದೇ ಅರ್ಥ.

ಇನ್ನು ಪುಶ್ ರಾಡ್, ಸ್ಟಿಕ್ಕಿನ ಚಲನೆಯನ್ನು ಏಲೆರಾನ್‌ಗೆ ಮುಟ್ಟಿಸುವ ಸರಳು. ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಏಲೆರಾನ್‌ಗಳಿಗೆ ಕೇಬಲ್ ಇತ್ತು. ಅದರ ಮುಂದಿನ ಪೀಳಿಗೆಯ ಸ್ಪೈಟ್‌ಫುಲ್‌ಗೆ ರಾಡ್ ಬಂತು. 1944ರ ಸೆಪ್ಟೆಂಬರ್ 13ರಂದು ಅದರ ಮೊದಲ ಮಾದರಿ ಬಿದ್ದು ಪರೀಕ್ಷಾ ಪೈಲಟ್ ಫ್ರಾಂಕ್ ಫರ್ಲಾಂಗ್ ಸತ್ತರು. ನಂತರ ಇನ್ನೊಬ್ಬ ಪರೀಕ್ಷಾ ಪೈಲಟ್ ಜೆಫ್ರಿ ಕ್ವಿಲ್ ಅದೇ ಬಗೆಯ ವಿಮಾನ ಹಾರಿಸುವಾಗ ಏಲೆರಾನ್ ಸಿಕ್ಕಿಕೊಂಡಿತು, ಅವರು ಬದುಕಿ ಇಳಿದರು. ಅನುಮಾನ ರಾಡ್‌ಗಳ ಮೇಲೆಯೇ ಹೋಯಿತು. ನೆಲದ ಮೇಲೆ ರಾಡ್ ಸುತ್ತ ಕಾಣುವ ಸಂದು, ಹಾರುವಾಗ ರೆಕ್ಕೆ ಬಾಗಿದ ಮೇಲೆ ಅಷ್ಟೇ ಇರುವುದಿಲ್ಲ. ಅದಕ್ಕೆ ರೆಕ್ಕೆಯ ತುದಿಯನ್ನು ಒಬ್ಬರು ಕೈಪಿಡಿ ಒಪ್ಪುವ ಜಾಗದಲ್ಲಿ ಹಿಡಿದು ಮೇಲಕ್ಕೆ ಒತ್ತುವಾಗ, ಇನ್ನೊಬ್ಬರು ಸ್ಟಿಕ್ಕನ್ನು ಕೊನೆಯಿಂದ ಕೊನೆಗೆ ಆಡಿಸುತ್ತಾರೆ, ನಾನು ಟಾರ್ಚ್ ಹಿಡಿದು ರಾಡ್ ನೋಡುತ್ತೇನೆ. ರಾಡ್ ಎಂಡ್‌ನ (ರಾಡಿನ ತುದಿಗೆ ತಿರುಪಿ ಕೂರಿಸುವ ಜೋಡಣೆ) ಪರೀಕ್ಷಾ ತೂತಿನಲ್ಲಿ ತೆಳು ತಂತಿ ತೂರಿಸುತ್ತೇನೆ. ತಂತಿ ಒಳಹೋಗಿ ಹಾದುಬಂದರೆ ಥ್ರೆಡ್ ಸಾಕಷ್ಟು ಒಳಗಿಲ್ಲ. ಕೊನೆಗೆ ಸ್ಟಿಕ್ ಲಾಕ್ ಮಾಡಿ, ಹಿಂದಿನ ಅಂಚಿಗೆ ಡಯಲ್ ಗೇಜ್ ಇಟ್ಟು ಅಲುಗಾಟ ಅಳೆಯುತ್ತೇನೆ. ತೂಕ ಸರಿಯಿದ್ದೂ ಕೀಲುಗಳು ಸವೆದಿದ್ದರೆ ಫ್ಲಟರ್ ಬರಬಲ್ಲದು.

ಹಾಗಂತ ಬಾಲದ ನಡುಕವೆಲ್ಲ ತೂಕದ ತಪ್ಪಲ್ಲ. ಅಮೆರಿಕದ ಯುದ್ಧವಿಮಾನ ಲಾಕ್‌ಹೀಡ್ ಪಿ-38ರ ಬಾಲ ನಡುಗಿದಾಗ ಎಲಿವೇಟರ್‌ಗೆ ಹೊರಗೆ ಕಾಣುವಂತೆ ಸಮತೋಲನ ತೂಕ ಹಾಕಿಸಿದರು, ಪ್ರಯೋಜನವಾಗಲಿಲ್ಲ. ರೆಕ್ಕೆ ಮತ್ತು ಒಡಲು ಸೇರುವಲ್ಲಿ ಫಿಲೆಟ್ (ಮೂಲೆಯನ್ನು ನುಣುಪಾಗಿ ತುಂಬುವ ತಗಡು) ಕೂರಿಸಿದ ಮೇಲೆ ನಡುಕ ಹೋಯಿತು. ಜೋರು ಡೈವ್‌ನಲ್ಲಿ ಮೂತಿ ಏಳದಿರುವುದು ಇನ್ನೊಂದೇ ತೊಂದರೆ, ಶಬ್ದದ ವೇಗದ ಹತ್ತಿರದ ಗಾಳಿಯದು. ಅದಕ್ಕಾಗಿ ಎಲಿವೇಟರ್‌ಗೆ ಹಾಕಿದ ಸ್ಪ್ರಿಂಗ್ ಟ್ಯಾಬ್‌ಗಳನ್ನು (ಪೈಲಟ್‌ನ ಎಳೆತಕ್ಕೆ ನೆರವಾಗುವ ಪುಟ್ಟ ಹಲಗೆಗಳು) ಪರೀಕ್ಷಿಸುತ್ತಿದ್ದ ಪೈಲಟ್ ರಾಲ್ಫ್ ವರ್ಡನ್ 1941ರ ನವೆಂಬರ್ 4ರಂದು ಬಾಲ ಕಳಚಿ ಸತ್ತರು. ಕೊನೆಗೆ ಪರಿಹಾರ ಸಿಕ್ಕಿದ್ದು ರೆಕ್ಕೆಯ ಕೆಳಗಿನ ಡೈವ್ ಫ್ಲ್ಯಾಪ್‌ಗಳಲ್ಲಿ.

ಹಾರಾಟದ ದಿನ ಪೈಲಟ್‌ಗೆ ಪ್ಯಾರಾಚೂಟ್ ಇರಲೇಬೇಕು, ಎತ್ತರವೂ ಬೇಕು. ಗರಿಷ್ಠ ವೇಗ ಹತ್ತಿರ ಬಂದಂತೆ 5 ನಾಟ್‌ಗಳ ಮೆಟ್ಟಿಲಲ್ಲಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಸ್ಟಿಕ್ಕಿಗೆ ಒಂದು ತಟ್ಟು ತಟ್ಟಿ, ಅಲುಗಾಟ ತಕ್ಷಣ ಅಡಗಿದರೆ ಮಾತ್ರ ಮುಂದಿನದಕ್ಕೆ ಹೋಗಬೇಕು. ಅಡಗಲು ಹಿಂದಿಗಿಂತ ಹೊತ್ತು ಹಿಡಿದರೆ ಥ್ರಾಟಲ್ ಪೂರ್ತಿ ಇಳಿಸಿ, ಮೂತಿಯನ್ನು ನಿಧಾನವಾಗಿ ಎತ್ತಿ ವೇಗ ಕಳೆದು ವಾಪಸ್ ಬರಬೇಕು. ಗಾಬರಿಯಲ್ಲಿ ಸ್ಟಿಕ್ ಎಳೆದರೆ ದುರ್ಬಲವಾದ ಬಾಲಕ್ಕೆ ಇನ್ನಷ್ಟು ಹೊರೆ. ವಿಮಾನ ಇಳಿದ ಮೇಲೆ, ಪೈಲಟ್ ಎಲ್ಲ ಚೆನ್ನಾಗಿದೆ ಎಂದರೂ, ಮುಚ್ಚಳ ತೆಗೆದು ಅದೇ ಬ್ರಾಕೆಟನ್ನು ಅದೇ ಮಸೂರದಲ್ಲಿ ಇನ್ನೊಮ್ಮೆ ನೋಡುತ್ತೇನೆ.